ಕೆಂಪು ಕೋಡಿನ ಹುಳು

"ಅಯ್ಯೋ, ಮುಟ್ಟಬೇಡಿ!"

ಓಡಿಬಂದವಳು ಅವನ ಕೈಯನ್ನೇ ಹಿಡಿದುಬಿಟ್ಟಳು.

ಅವಳು ಚಿಟ್ಟೆಮನೆಯಲ್ಲಿ ಹುಳು ಸಾಕುವವಳು; ಅಲ್ಲಿನ ಫೋಟೋ ತೆಗೆಯಲು ಬಂದವನು ಅವನು. ಎರಡು ಡಬ್ಬಿಗಳ ಮುಚ್ಚಳ ತೆಗೆದಿಟ್ಟು ಒಳಗೆ ಬಗ್ಗಿದ್ದ.

"ಯಾಕೆ, ಹುಳ ಕಚ್ಚುತ್ತಾ?"

"ಹುಳ ಕಚ್ಚಲ್ಲ. ನಾನು ಕಚ್ತೀನಿ!"

ಹಾಗೆಂದವಳಿಗೆ ಇನ್ನೂ ಅವನ ಕೈ ಹಿಡಿದೇ ಇದ್ದೇನೆಂದು ತಿಳಿದದ್ದು ಆಗಲೇ... ಕೆನ್ನೆ ಬಿಸಿಯಾಗಿ ಒಳಗೋಡಿದಳು.

ನಿಂಬೆ ಎಲೆ ತಿನ್ನುವ ಆ ಎರಡು ಜಾತಿಯ ಹಸಿರು ಹುಳುಗಳು ನೋಡಲು ಒಂದೇ ಅಚ್ಚು. ಮೆಲ್ಲಗೆ ತಟ್ಟಿದರೆ ತಲೆಯ ಹಿಂದಿನಿಂದ ಕವಲು ಕೋಡು ಚಾಚುತ್ತದೆ. ಕೋಡು ಕೆಂಪಾಗಿದ್ದರೆ ಮುಂದೆ ಬಿಳಿ ಪಟ್ಟೆಯ ಚಿಟ್ಟೆ, ಕಿತ್ತಳೆಯಾದರೆ ಹಳದಿ ಚುಕ್ಕೆಯದು. ಅವಳು ತಟ್ಟಿ ನೋಡಿಯೇ ಮುಚ್ಚಳಗಳ ಮೇಲೆ ಹೆಸರು ಬರೆದಿದ್ದಳು.

ಎರಡೇ ದಿನದಲ್ಲಿ ಹುಳುಗಳು ಕೋಶವಾದವು. ಅವನು ದಿನವೂ ಬಂದ. ಅವಳ ಕಣ್ಣು ದಿನವೂ ಬಾಗಿಲ ಕಡೆಗೇ.

ಹತ್ತನೆಯ ದಿನ ಚಿಟ್ಟೆಮನೆ ನಡೆಸುವ ಮೇಡಂ ಅವಳ ಕೆಲಸ ಖಾಯಂ ಮಾಡುವವರಿದ್ದರು. "ಒಂದು ಹೆಸರು ತಪ್ಪಿದ್ರೂ ಖಾಯಂ ಮಾಡಿ ಅಂತ ನನ್ನನ್ನ ಕೇಳ್ಬೇಡ" ಎಂದೂ ಹೇಳಿದ್ದರು.

ಆ ದಿನ ಬೆಳಿಗ್ಗೆ ಅವಳು ಡಬ್ಬಿ ಎತ್ತಿ ನೋಡಿದಳು. 'ಬಿಳಿ ಪಟ್ಟೆ' ಎಂದು ಬರೆದಿದ್ದ ಡಬ್ಬಿಯ ಕೋಶ ಕಪ್ಪಾಗಿ, ಸಿಪ್ಪೆಯೊಳಗಿನ ರೆಕ್ಕೆ ಕಾಣುತ್ತಿತ್ತು.

ಹಳದಿ ಚುಕ್ಕೆ!

'ಕೆಂಪು ಕೋಡು ಕಣ್ಣಾರೆ ನೋಡಿದ್ದೆನಲ್ಲ... ಕೆಲಸ ಹೋಯ್ತು ಅಂತ ಮನೆಯಲ್ಲಿ ಅಮ್ಮನಿಗೆ ಹೇಗೆ ಹೇಳಲಿ?'

ಗಾಜಿನಾಚೆ ಅವನು ಅದೇ ಡಬ್ಬಿಯತ್ತ ಬೆರಳು ತೋರಿಸುತ್ತ ಮೇಡಂ ಜೊತೆ ಮಾತಾಡುತ್ತಿದ್ದ.

'ಚಾಡಿ ಹೇಳ್ತಿದ್ದಾನೆ! ಇವನಿಗೋಸ್ಕರ ನಾನು ಬಾಗಿಲು ಕಾದೆನಾ?'

ಮೇಡಂ ಒಳಬಂದರು, ಹಿಂದೆಯೇ ಅವನೂ. ಅವಳು ಬೇಗ ಬೇಗ ಕಣ್ಣೊರೆಸಿಕೊಂಡಳು.

"ಏನಮ್ಮಾ, ಅಳೋಕೆ ಶುರು ಮಾಡ್ಬಿಟ್ಯಾ? ಮುಚ್ಚಳ ಅದಲುಬದಲು ಮಾಡಿದ್ದು ಈ ಮಹಾನುಭಾವರಂತೆ! ಅವತ್ತು ಮುಚ್ಚಳ ತೆಗೆಯೋ ಮೊದಲು ತೆಗೆದ ಫೋಟೋ ತೋರಿಸಿದ್ರು. 'ಬಿಳಿ ಪಟ್ಟೆ' ಮುಚ್ಚಳ ಇದ್ದದ್ದು ಈ ಬಿರುಕು ಬಿಟ್ಟ ಡಬ್ಬಿ ಮೇಲೆ."

ಅವಳು ಬಿರುಕಿನ ಡಬ್ಬಿಯತ್ತ ಬಗ್ಗಿದಳು. ಕಪ್ಪು ಕೋಶದೊಳಗೆ ತೆಳ್ಳಗೆ ಒಂದು ಬಿಳಿ ಪಟ್ಟೆ...

"ನಾಳೆಯಿಂದ ಹೆಸರು ಡಬ್ಬಿ ಮೇಲೇ ಬರಿ. ಮುಚ್ಚಳದ ಮೇಲೆ ಬರಿ ಅಂತ ಯಾವ ಪುಣ್ಯಾತ್ಮ ಹೇಳಿಕೊಟ್ಟದ್ದು?"

"ನೀವೇ, ಮೇಡಂ."

ಮೇಡಂ ಕೆಮ್ಮಿದರು. "ಸರಿ ಸರಿ, ಆರ್ಡರ್‌ಗೆ ಸಹಿ ಹಾಕ್ತೀನಿ" ಎನ್ನುತ್ತ ಹೊರಟೇಹೋದರು.

"ಮೊದಲೇ ಯಾಕೆ ಹೇಳ್ಲಿಲ್ಲ?" ಅವಳು ಅವನತ್ತ ತಿರುಗಿದಳು.

"ನಿನ್ನೆ ಫೋಟೋ ನೋಡಿದಾಗಲೇ ನನಗೂ ಗೊತ್ತಾಗಿದ್ದು. ರಾತ್ರಿಯೆಲ್ಲ ನಿದ್ದೆ ಇಲ್ಲ... ನಿಮ್ಮ ಕೆಲಸ ಹೋದ್ರೆ ಅಂತ."

"ಕ್ಯಾಮೆರಾ ಹಿಡಿಯೋ ಕೈಗೆ ಒಂದು ಮುಚ್ಚಳ ಸರಿಯಾಗಿ ಹಾಕೋಕೆ ಬರಲ್ವಾ?"

"ಆ ದಿನ ನೀವು ಕೈ ಹಿಡಿದ್ರಲ್ಲ... ಆಮೇಲೆ ಯಾವ ಮುಚ್ಚಳ ಯಾವುದರದ್ದು ಅಂತ ನನಗೆ ನೆನಪೇ ಇರಲಿಲ್ಲ. ಇವತ್ತಿಗೂ ಅದೇ ಗತಿ. ನೀವು ಅಂದ್ರೆ ನನಗೆ ಅಷ್ಟು ಇಷ್ಟ."

ಅವಳು ಮೊದಲು ಎರಡೂ ಮುಚ್ಚಳಗಳನ್ನು ಸರಿಯಾದ ಡಬ್ಬಿಗಳಿಗೆ ಹಾಕಿ ಒತ್ತಿದಳು. ಆಮೇಲೆ ಕೈ ಚಾಚಿದಳು.

"ಈಗ ಹಿಡ್ಕೊಳ್ಳಿ."