ಮೂರನೇ ಸಿಲಿಂಡರಿನ ಸದ್ದು

"ಆಫ್ ಮಾಡಿ! ಮೊದ್ಲು ಅದನ್ನ ಆಫ್ ಮಾಡಿ!"

ಗೇಟಿನ ಚಿಲಕವನ್ನೂ ಹಾಕದೆ ಅವಳು ಶೆಡ್ಡಿನತ್ತ ಓಡಿದಳು. ನೀರಿನ ಪರೀಕ್ಷಾಲಯದ ಬಿಳಿ ಕೋಟು ಇನ್ನೂ ಮೈಮೇಲೇ ಇತ್ತು. ಒಳಗೆ, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡದಾದ ಆ ಹಸಿರು ಸ್ಪೋರ್ಟ್ಸ್ ಕಾರಿನಲ್ಲಿ ಯಾರೋ ಅಪರಿಚಿತ ಕೂತು ಆಕ್ಸಿಲರೇಟರ್ ಒತ್ತುತ್ತಿದ್ದ. ಒತ್ತಿದಾಗೆಲ್ಲ ಎಂಜಿನ್ನಿನ ಹೊಟ್ಟೆಯೊಳಗಿಂದ ಸುತ್ತಿಗೆಯ ಏಟು... ಟಕ್ ಟಕ್ ಟಕ್ ಟಕ್.

ಕಿಟಕಿಯೊಳಗೆ ಕೈ ತೂರಿಸಿ ಅವಳೇ ಕೀ ತಿರುಗಿಸಿಬಿಟ್ಟಳು.

"ಯಾರ್ರೀ ನೀವು? ಇಷ್ಟು ಬಡ್ಕೊಳ್ತಿರೋ ಎಂಜಿನ್ನನ್ನ ಯಾರಾದ್ರೂ ಹೀಗೆ ತುಳೀತಾರಾ? ಕಿವಿ ಕೇಳಲ್ವಾ?"

ಕೊನೆಯ ಮಾತಿಗೆ ಅವನು ಬೆಚ್ಚಿದಂತೆ ಅವಳ ಅಪ್ಪನ ಕಡೆ ನೋಡಿದ. ಬಾನೆಟ್ಟಿನ ಪಕ್ಕ ನಿಂತಿದ್ದ ಅಪ್ಪನ ಕೈ ಕಿವಿಯ ಹತ್ತಿರ ಹೋಗಿ, ಮುಷ್ಟಿಯಾಗಿ ಜೇಬಿಗಿಳಿಯಿತು. ಅವಳು ಅದನ್ನು ನೋಡಿದಳು. ಸಿಟ್ಟಿನಲ್ಲಿ ಲೆಕ್ಕಕ್ಕಿಡಲಿಲ್ಲ.

"ಅಪ್ಪಾ, ಯಾರಿವರು?"

ಅಪ್ಪ ಅವಳ ಬಾಯನ್ನೇ ದಿಟ್ಟಿಸಿದರು. "ಅದು... ಗಾಡಿ ನೋಡೋಕೆ ಬಂದೋರು."

"ಕೊಳ್ಳೋಕಾ?"

ಅಪ್ಪ ಹೂಂ ಎನ್ನಲಿಲ್ಲ. ಊಹೂಂ ಎನ್ನಲೂ ಇಲ್ಲ.

ಅಪ್ಪ ಹೆಸರುವಾಸಿ ಮೆಕ್ಯಾನಿಕ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ, ಬಿಚ್ಚದೆಯೇ ಕಾಯಿಲೆ ಹೇಳುತ್ತಿದ್ದವರು. ಅವಳು ಅಕ್ಷರ ಕಲಿತದ್ದು ಶಾಲೆಯಲ್ಲಾದರೆ, ಉಳಿದದ್ದೆಲ್ಲ ಈ ಕಾರಿನ ಅಡಿಯಲ್ಲಿ ಅಂಗಾತ ಮಲಗಿ ಕಲಿತದ್ದು. ಅಮ್ಮ ಹೋದ ಮೇಲೆ ಅಪ್ಪ-ಮಗಳ ನಡುವೆ ಉಳಿದಿದ್ದು ಈ ಶೆಡ್ಡಿನ ಮಾತುಕತೆ ಒಂದೇ. ಕೆಲವು ತಿಂಗಳಿಂದ ಅದೂ ನಿಂತಿತ್ತು. ಕರೆದರೆ ಓಗೊಡುವುದಿಲ್ಲ, ಕೇಳಿದರೆ ಗೋಡೆ ನೋಡುತ್ತಾರೆ. ಈಗ ಕಾರನ್ನೂ ಮಾರುವ ಹುನ್ನಾರ... ಅದೂ ನನ್ನ ಬೆನ್ನ ಹಿಂದೆ!

"ಕೊಳ್ಳೋಕೆ ಬಂದೋರು ಮುರಿದಿಟ್ಟು ಹೋಗೋ ಹಾಗಿಲ್ಲ," ಎಂದಳು ಅಪರಿಚಿತನಿಗೆ. "ಭಾನುವಾರ ಬನ್ನಿ. ಏನು ಹಾಳು ಮಾಡಿದೀರಿ ಅಂತ ನಿಮ್ಮ ಕಣ್ಣೆದುರೇ ಬಿಚ್ಚಿ ತೋರಿಸ್ತೀನಿ."

ತಪ್ಪು ನನ್ನದಲ್ಲ ಎಂದು ಅವನು ಹೇಳಬಹುದಿತ್ತು. ಬಾಯಿ ತೆರೆದಿದ್ದ ಕೂಡ. ಅಪ್ಪನ ಮುಖ ನೋಡಿ ಮುಚ್ಚಿಕೊಂಡ.

"ಬರ್ತೀನಿ," ಎಂದ.

ಬಂದ. ಇಸ್ತ್ರಿ ಮಾಡಿದ ಕೆನೆಬಣ್ಣದ ಪ್ಯಾಂಟು ತೊಟ್ಟುಕೊಂಡು.

"ಮದುವೆ ಊಟಕ್ಕೆ ಹೊರಟಿದ್ರಾ ಗಿರಾಕಿಯವರೇ?" ಎಂದಳು ಅವಳು ಜಾಕ್ ತುಳಿಯುತ್ತ. ಆ ಹೆಸರೇ ನಿಂತಿತು.

ಎಂಜಿನ್ನನ್ನು ಮತ್ತೆ ಚಾಲೂ ಮಾಡುವ ಮಾತೇ ಇರಲಿಲ್ಲ. ಬಡಿಯುವ ಎಂಜಿನ್ನನ್ನು ಇನ್ನೊಮ್ಮೆ ಕೇಳೋಣ ಎನ್ನುವವನು ಹುಣ್ಣನ್ನು ಕೆರೆದು ನೋಡುವವನ ಜಾತಿ ಎನ್ನುವುದು ಅಪ್ಪನದೇ ಪಾಠ. ಅವಳು ಕಾರಿನಡಿಗೆ ಬಿಳಿ ಬೋಗುಣಿ ಇಟ್ಟು ಆಯಿಲ್ ಇಳಿಸಿದಳು. ಅವನು ಟಾರ್ಚ್ ಹಿಡಿದ. ಕಪ್ಪು ಎಣ್ಣೆಯೊಳಗೆ ಮೀನಿನ ಹುರುಪೆಯಂತೆ ಏನೋ ಮಿನುಗುತ್ತ ಸುತ್ತಿತು.

"ಚೆನ್ನಾಗಿದೆ," ಎಂದುಬಿಟ್ಟ.

"ಚೆನ್ನಾಗೇ ಇರತ್ತೆ. ನಮ್ಮ ಬೇರಿಂಗು ಅರೆದು ಪುಡಿಯಾಗಿ ಹರೀತಿದೆ. ನೋಡಿ ಆನಂದಪಡಿ."

ಅವನು ತುಟಿ ಕಚ್ಚಿಕೊಂಡ. ಅಷ್ಟರಲ್ಲಿ ಅವಳ ಕೈಯಿಂದ ಒಂದು ಸಣ್ಣ ಬೋಲ್ಟು ಜಾರಿ ಎಲ್ಲೋ ಉರುಳಿತು.

"ಎಡಗಡೆ. ಜಾಕ್ ಹಿಂದೆ, ರಬ್ಬರ್ ಮ್ಯಾಟ್ ಮೇಲೆ ನಿಂತಿದೆ," ಎಂದ ಅವನು, ನೋಡದೆಯೇ.

ಅಲ್ಲೇ ಇತ್ತು. ಅವಳು ತಲೆಯೆತ್ತಿ ಅವನನ್ನು ಸರಿಯಾಗಿ ನೋಡಿದ್ದು ಆಗಲೇ. ಮೂಗಿನ ಮೇಲೆ ಎಣ್ಣೆಯ ಚುಕ್ಕೆ. ಕಣ್ಣಲ್ಲಿ ಎಷ್ಟು ಬೈದರೂ ಕದಡದ ಒಂದು ತಿಳಿ. ಅರೆಕ್ಷಣ ಅವಳ ಸಿಟ್ಟು ತಾಳ ತಪ್ಪಿತು. ತಾಳ ತಪ್ಪಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

"ಟಾರ್ಚ್ ನೆಟ್ಟಗೆ ಹಿಡೀರಿ!"

ಮುಂದಿನ ಭಾನುವಾರ ಹಳೇ ಪ್ಯಾಂಟಿನಲ್ಲಿ ಬಂದ. ಅಪ್ಪ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು, ಹೊರಗೆ ಮುಖ ಮಾಡಿ ಕೂತಿದ್ದರು. ಅವಳು ಆಯಿಲ್ ಫಿಲ್ಟರಿನ ಡಬ್ಬಿಯನ್ನು ಕಳಚಿ ಕೊಟ್ಟಾಗ ಗಿರಾಕಿ ಉತ್ಸಾಹದಿಂದ ಗರಗಸ ಎತ್ತಿಕೊಂಡ.

"ಅದು ಬೇಡ. ಗರಗಸದ ಪುಡಿ ಒಳಗೆ ಬಿದ್ರೆ ಯಾವುದು ಎಂಜಿನ್ನಿಂದು, ಯಾವುದು ಡಬ್ಬಿದು ಅಂತ ಹೇಗೆ ಹೇಳ್ತೀರಿ?" ತಿರುಗಿಸಿ ಕತ್ತರಿಸುವ ಕಟರಿನಿಂದ ಅಂಚು ಬಿಡಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಳಿ ಬಟ್ಟೆಯ ಮೇಲೆ ಹಾಸಿದಳು.

ಮಡಿಕೆ ಮಡಿಕೆಯಲ್ಲೂ ತಾಮ್ರಬಣ್ಣದ ಚೂರು. ಆಯಸ್ಕಾಂತ ಆಡಿಸಿದಳು. ಹೆಚ್ಚೇನೂ ಅಂಟಲಿಲ್ಲ. ಅಂದರೆ ಸವೆದದ್ದು ಬೇರಿಂಗು. ಅದರೊಳಗೆ ತಿರುಗುವ ಉಕ್ಕಿನ ದಂಡಕ್ಕೆ, ಕ್ರ್ಯಾಂಕಿಗೆ, ಇನ್ನೂ ಜೀವ ಇರಬಹುದು. ಆ ಕ್ರ್ಯಾಂಕ್ ಹೋಯಿತೆಂದರೆ ಈ ಕಾರಿಗೆ ಇನ್ನೊಂದು ಎಲ್ಲೂ ಸಿಗುವುದಿಲ್ಲ. ತೂಕಕ್ಕೆ ಹಾಕಬೇಕು, ಅಷ್ಟೇ.

ಎಂಜಿನ್ನಿನ ತಳದ ಆಯಿಲ್ ಚೇಂಬರ್ ಇಳಿಸಿ ಕಾರಿನಡಿ ಕೈಯಾಡಿಸಿದಳು. ಒಂದನೇ ಸಿಲಿಂಡರಿನ ರಾಡು ಗಟ್ಟಿ. ಎರಡನೆಯದೂ ಗಟ್ಟಿ. ಮೂರನೆಯದನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ... ಟಕ್.

"ಇದೇ," ಎಂದಳು. ಹೇಳುತ್ತಲೇ ಕೈ ನಿಂತಿತು.

ಕೆಸರು ಒಂದೇ ದಿನಕ್ಕೆ ಪದರುಗಟ್ಟುವುದಿಲ್ಲ. ಪರೀಕ್ಷಾಲಯದಲ್ಲಿ ದಿನವೂ ನೀರಿನ ಬಾಟಲಿ ನೋಡುವ ಅವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಫಿಲ್ಟರಿನಲ್ಲಿದ್ದ ಲೋಹ ಒಂದು ಮಧ್ಯಾಹ್ನ ಆಕ್ಸಿಲರೇಟರ್ ತುಳಿದವನದಲ್ಲ. ವಾರಗಟ್ಟಲೆ ಬಡಿದ ಎಂಜಿನ್ನಿನದು. ಯಾರೋ ಓಡಿಸಿದ್ದಾರೆ. ನಾನು ಕೆಲಸಕ್ಕೆ ಹೋದ ಮೇಲೆ... ದಿನಾ. ಕೀ ಇರುವುದು ಒಬ್ಬರ ಹತ್ತಿರವೇ.

ಆದರೆ ಈ ಸದ್ದು ಕೇಳಿಯೂ ಓಡಿಸಿದರೇ? ಅಪ್ಪ? ಸಾಧ್ಯವೇ ಇಲ್ಲ. *ಕೇಳಿಯೂ...*

ಅವಳು ಕಾರಿನಡಿಯಿಂದ ಜಾರಿ ಹೊರಬಂದಳು. "ಅಪ್ಪಾ," ಎಂದಳು ಬೆನ್ನಿಗೆ. ಬೆನ್ನು ಅಲುಗಲಿಲ್ಲ. ದೊಡ್ಡ ಸ್ಪ್ಯಾನರನ್ನು ಎತ್ತಿ ಸಿಮೆಂಟು ನೆಲಕ್ಕೆ ಬಿಟ್ಟಳು.

ಖಣ್ಣೆಂದ ಸದ್ದಿಗೆ ಗಿರಾಕಿ ಹೌಹಾರಿದ. ಗೋಡೆಯ ಮೇಲಿದ್ದ ಬೆಕ್ಕು ನೆಗೆದು ಓಡಿತು. ಅಪ್ಪ, ಓಡಿದ ಬೆಕ್ಕನ್ನು ನೋಡಿ, ಅದಕ್ಕೇನಾಯಿತು ಎಂದು ಆಶ್ಚರ್ಯಪಡುತ್ತ ಕೂತೇ ಇದ್ದರು.

ಅವಳು ಎದುರಿಗೆ ಹೋಗಿ ನಿಂತಳು. ಅವಳ ಮುಖ ನೋಡಿ ಅಪ್ಪ ನಿಧಾನವಾಗಿ ಜೇಬಿಗೆ ಕೈಹಾಕಿ, ಕಡಲೆಕಾಳಿನಷ್ಟೇ ಇದ್ದ ಕಿವಿಯ ಮಿಷನ್ ತೆಗೆದು ಕಿವಿಗೆ ಇಟ್ಟುಕೊಂಡರು.

"ಶಬ್ದ ಕೇಳಿ ರೋಗ ಹೇಳ್ತಿದ್ದ ನಾನು ಕಿವುಡ ಆದೆ ಅಂತ ಯಾವ ಬಾಯಲ್ಲಿ ಹೇಳ್ಲಿ ಪುಟ್ಟೀ?" ಅಪ್ಪನ ದನಿ ಒಡೆದಿತ್ತು. "ಇದನ್ನ ಹಾಕ್ಕೊಂಡು ಕಾರಲ್ಲಿ ಕೂತ ಮೊದಲ ದಿನ ಟಕ್ ಟಕ್ ಅಂತ ಕೇಳಿಸ್ತು. ಈ ಮಿಷನ್ನೇ ಕೆಟ್ಟಿದೆ ಅಂದ್ಕೊಂಡೆ. ಇದನ್ನ ಕೊಟ್ಟೋನನ್ನೇ ಕರೆಸಿ, ಬಾಯಿಗೆ ಬಂದ ಹಾಗೆ ಬೈದು, ನೀನೇ ಕೂತು ಒತ್ತಿ ನೋಡಯ್ಯ ಅಂದೆ. ನಂದೇ ಎಂಜಿನ್ನು ಸಾಯ್ತಿದೆ ಅಂತ ನಂಗೇ ಗೊತ್ತಾಗಲಿಲ್ಲ."

ಇಷ್ಟು ತಿಂಗಳು ನುಂಗಿಕೊಂಡಿದ್ದ ಸಿಟ್ಟೆಲ್ಲ ಒಮ್ಮೆಲೇ ಹೊರಬಂತು.

"ನಾನು ಕರೆದ್ರೆ ನಿಮಗೆ ಬೇಜಾರು ಅಂದ್ಕೊಂಡಿದ್ದೆ! ನಾನೇ ಬೇಡವಾದೆ ಅಂದ್ಕೊಂಡಿದ್ದೆ ಅಪ್ಪಾ... ಕೇಳಲ್ಲ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?"

"ಈಗ ಕೇಳಿಸ್ತಿದೆ. ಬೈಯಮ್ಮ," ಎಂದರು ಅಪ್ಪ. ಕಣ್ಣೊರೆಸಿಕೊಂಡು, ಟೀ ಇಡುತ್ತೇನೆಂದು ಒಳಗೆ ಹೋದರು.

ಉಳಿದ ಬೆಂಕಿಯೆಲ್ಲ ಗಿರಾಕಿಯ ಕಡೆ ತಿರುಗಿತು.

"ಅಂದ್ರೆ ನೀವು ಕೊಳ್ಳೋಕೆ ಬಂದೋರಲ್ಲ."

"ಅಲ್ಲ. ಕಿವಿ ಪರೀಕ್ಷೆ ಮಾಡೋನು. ನಂಗೆ ಕ್ಲಚ್ಚು ಯಾವುದು, ಬ್ರೇಕು ಯಾವುದು ಅಂತಲೂ ಒಮ್ಮೊಮ್ಮೆ ಅನುಮಾನ."

"ಮತ್ತೆ ತಪ್ಪು ಯಾಕೆ ಒಪ್ಕೊಂಡ್ರಿ? ನಾನು ಬೈದದ್ದೆಲ್ಲ ಹೊಟ್ಟೆಗೆ ಹಾಕ್ಕೊಂಡು ಕೂತ್ರಲ್ಲ, ಎಷ್ಟು ಕೊಬ್ಬು ನಿಮಗೆ!"

"ನನ್ನ ಹತ್ರ ಬಂದವರ ವಿಷಯ ಅವರೇ ಹೇಳ್ಬೇಕು. ನಾನು ಹೇಳೋ ಹಾಗಿಲ್ಲ."

"ಅದು ಮೊದಲನೇ ದಿನಕ್ಕೆ. ಹೋದ ಭಾನುವಾರ ಬರದೇ ಇರಬಹುದಿತ್ತು. ಇವತ್ತೂ ಬರದೇ ಇರಬಹುದಿತ್ತು."

ಅವನು ಎಣ್ಣೆಗೈಯನ್ನು ಬಟ್ಟೆಯಲ್ಲಿ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ದಿನವಿಡೀ ಪರೀಕ್ಷೆ ಕೋಣೆಯಲ್ಲಿ ಸದ್ದಿಲ್ಲದೆ ಕೂತಿರ್ತೀನಿ. ಇಲ್ಲಿಂದ ಹೋದ ಮೇಲೆ ನಿಮ್ಮ ದನಿ ಒಂದು ವಾರ ಕಿವೀಲೇ ಇತ್ತು. ಬೈಗುಳವೇ ಆದ್ರೂ... ಇನ್ನಷ್ಟು ಕೇಳೋಣ ಅನ್ನಿಸ್ತು. ಬಂದೆ."

ಅವಳು ನೆಲದ ಮೇಲಿದ್ದ ಸ್ಪ್ಯಾನರನ್ನು ಎತ್ತಿಕೊಂಡಳು. ಮತ್ತೆ ಕಾರಿನಡಿ ನುಸುಳಿದಳು. ಅದೇ ಸುಲಭವಿತ್ತು. ಮೂರನೇ ರಾಡಿನ ಕ್ಯಾಪ್ ಬಿಚ್ಚಿ, ಸವೆದ ಬೇರಿಂಗ್ ಪಕ್ಕಕ್ಕಿಟ್ಟು, ಕ್ರ್ಯಾಂಕಿನ ಮೈಮೇಲೆ ಉಗುರು ಎಳೆದಳು. ಉಗುರು ಒಂದು ಗೀರಿಗೆ ಸಿಕ್ಕಿಕೊಂಡಿತು. ಅವಳು ಉಸಿರು ಹಿಡಿದಳು. ಗೀರು ಇತ್ತು, ಆಳ ಇರಲಿಲ್ಲ.

"ಏನಾಯ್ತು?" ಎಂದ ಅವನು ಮೇಲಿನಿಂದ. ಆ ದನಿಯಲ್ಲೂ ಹಿಡಿದ ಉಸಿರು.

"ಗಾಯ ಆಗಿದೆ. ಲೇತಿನಲ್ಲಿ ಉಜ್ಜಿಸಿ, ಒಂದು ಸೈಜು ದಪ್ಪದ ಬೇರಿಂಗ್ ಹಾಕಿದ್ರೆ ಉಳಿಯತ್ತೆ." ದನಿ ತಗ್ಗಿತು. "ನಿಮ್ಮ ಮೇಲೆ ತುಂಬಾ ಕೂಗಾಡಿದೆ."

"ಕೇಳಿಸ್ತಿತ್ತು."

ಅವಳಿಗೆ ನಗು ಬಂತು, ಕಾರಿನಡಿ ಕತ್ತಲಲ್ಲಿ, ಯಾರಿಗೂ ಕಾಣದಂತೆ.

ಎಂಜಿನ್ ಮತ್ತೆ ಜೋಡಿಸಿದ ಸಂಜೆ ಮೊದಲು ಕೇಳುವ ಹಕ್ಕು ಅಪ್ಪನದು. ಅವರು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ತುಂಬಾ ಹೊತ್ತು ನಿಂತರು. ಆಮೇಲೆ ಮಗಳ ತಲೆ ಸವರಿ, ಜಗುಲಿಗೆ ಹೋಗಿ ಕೂತರು.

ಎಂಜಿನ್ ಮೆಲ್ಲಗೆ ಗುನುಗುತ್ತಿತ್ತು. ಇಬ್ಬರೂ ಬಾನೆಟ್ಟಿಗೆ ಒರಗಿ ನಿಂತಿದ್ದರು.

"ಇನ್ನು ಬಿಚ್ಚೋಕೆ ಏನೂ ಉಳಿದಿಲ್ಲ," ಎಂದ ಅವನು.

"ಹಾಗಾದ್ರೆ ಭಾನುವಾರ ಬರಲ್ವಾ?"

"ಬೈಯೋಕೆ ಕಾರಣ ಬೇಕಲ್ಲ ನಿಮಗೆ."

ಅವಳು ನೆಲ ನೋಡುತ್ತ, ತುಟಿ ಅಲುಗಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಒಂದು ಮಾತು ಹೇಳಿದಳು.

ಅವನ ಮುಖ ಕೆಂಪೇರಿತು. "ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."

"ಸುಳ್ಳು. ರಬ್ಬರ್ ಮ್ಯಾಟ್ ಮೇಲೆ ಬೋಲ್ಟು ನಿಂತದ್ದು ಕೇಳತ್ತೆ, ಇದು ಕೇಳಲ್ವಾ?"

"ಅದು ಬೋಲ್ಟು. ಇದನ್ನ ಎರಡು ಸಲ ಕೇಳ್ಬೇಕು ಅನ್ಸತ್ತೆ."

ಅವಳು ಬಾಯಿ ತೆರೆಯುವಷ್ಟರಲ್ಲಿ ಜಗುಲಿಯಿಂದ ಅಪ್ಪನ ದನಿ ಬಂತು.

"ಇನ್ನೊಂದ್ಸಲ ಹೇಳಿಬಿಡಮ್ಮ, ಪಾಪ. ನಂಗಂತೂ ಮೊದಲನೇ ಸಲಕ್ಕೇ ಕೇಳಿಸ್ತು."