ಕಂಪ್ಲಿಯ ಮನೆಯಲ್ಲಿ ತಂಪು ಕದ್ದವರು ಯಾರು?

"ಮೇಡಂ, ನಾನು ಗ್ಯಾಸ್ ಕದ್ದಿಲ್ರಿ!" ಎಂದು ಎಸಿ ಮೆಕ್ಯಾನಿಕ್ ಹೊನ್ನೂರುಸ್ವಾಮಿ ಗಂಗಾಂಬಿಕಾ ಮೇಡಂ ಮುಂದೆ ಕೈಮುಗಿದಾಗಲೇ ನನ್ನ ಮಧ್ಯಾಹ್ನದ ನಿದ್ದೆಗೆ ಎಳ್ಳುನೀರು ಬಿಟ್ಟೆ. ಹೊಸಪೇಟೆ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದ ಮೇಡಂಗೆ ಊರವರ ಕಗ್ಗಂಟು ಬಿಡಿಸುವ ಚಟ. ಅವರ ಲ್ಯಾಬ್ ಅಟೆಂಡರ್ ಆಗಿದ್ದ ನನಗೆ ಅವರನ್ನು ಸ್ಕೂಟರಿನಲ್ಲಿ ಹೊತ್ತು ತಿರುಗುವ ಕರ್ಮ.

ಕಂಪ್ಲಿಯ ರೈಸ್ ಮಿಲ್ ಮಾಲೀಕ ದೊಡ್ಡಬಸಪ್ಪನವರ ಮನೆಗೆಲ್ಲ ಒಂದೇ ಎಸಿ. ತಂಪುಗಾಳಿ ಚಾವಣಿಯ ಕೊಳವೆಗಳಲ್ಲಿ ಹರಿಯುತ್ತದೆ. ಹೊನ್ನೂರುಸ್ವಾಮಿ ಸರ್ವೀಸ್ ಮಾಡಿಹೋದ ವಾರಕ್ಕೆ ತಂಪು ನಿಂತು, ಪೈಪಿಗೆ ಮಂಜುಗಡ್ಡೆ ಕಟ್ಟಿತು. ದೊಡ್ಡಬಸಪ್ಪ ಇವನನ್ನು ಮತ್ತೆ ಮನೆಯೊಳಗೆ ಬಿಡಲಿಲ್ಲ. ಎಸಿಯೊಳಗಿನ ಗ್ಯಾಸ್ ಇವನೇ ತೆಗೆದನೆಂದು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು 'ಗ್ಯಾಸ್ ಕಳ್ಳ' ಎಂದರು. ಅಂದಿನಿಂದ ಇವನನ್ನು ಯಾರೂ ಕೆಲಸಕ್ಕೆ ಕರೆದಿಲ್ಲ.

ಮೇ ಬಿಸಿಲಿಗೆ ಹುರಿದ ಶೇಂಗಾ ಆಗಿ ಕಂಪ್ಲಿ ಮುಟ್ಟಿದೆವು. ಎಸಿ ಸುಮ್ಮನೆ ಗುರ್ ಎನ್ನುತ್ತಿತ್ತು. ಮೇಡಂ ಅದನ್ನು ನೋಡಲೇ ಇಲ್ಲ! ಹಾಲಿನ ದೇವರ ಗೂಡಿನ ಮುಂದೆ ನಿಂತುಬಿಟ್ಟರು. ದೀಪದ ಕುಡಿ ನೆಟ್ಟಗಿತ್ತು. ಗೂಡಿನ ಹಳೆಯ ಮಸಿ ಮಾತ್ರ ಎಡಕ್ಕೆ ವಾಲಿತ್ತು. ಎಡಗೋಡೆಯಲ್ಲಿ ದೊಡ್ಡಬಸಪ್ಪನವರ ತೀರಿಹೋದ ತಂದೆಯ ಭಾರಿ ಫೋಟೋ. ಎದುರು ಗೋಡೆಯಲ್ಲಿ ಅಷ್ಟೇ ಅಳತೆಯ ಬಣ್ಣ ಮಾಸದ ಜಾಗ, ಖಾಲಿ ಮೊಳೆ.

"ನಾವು ಪೂಜೆಗೆ ಬಂದೀವೇನ್ರಿ?" ಎಂದು ರೇಗಿದೆ.

"ಎಸಿ ಬಂದ್ ಮಾಡಿ ಎಲ್ಲರನ್ನೂ ಕರಿ, ಜಂಬುನಾಥ್."

ದೊಡ್ಡಬಸಪ್ಪ, ಅವರ ತಾಯಿ ಪಂಪಮ್ಮ, ಅಲ್ಲಿಯವರೆಗೆ ಬಾಗಿಲಾಚೆ ನಿಂತಿದ್ದ ಹೊನ್ನೂರುಸ್ವಾಮಿ ಬಂದು ಕೂತರು.

"ಗ್ಯಾಸ್ ಕಡಿಮಿಯಾದ್ರೂ ಮಂಜು ಕಟ್ತೈತಿ, ಗಾಳಿ ಕಡಿಮಿಯಾದ್ರೂ ಕಟ್ತೈತಿ," ಎಂದರು ಮೇಡಂ. "ಎಸಿ ಊದಿದಷ್ಟೇ ಗಾಳಿನ ಮನಿಯಿಂದ ವಾಪಸ್ ಎಳಕೋಬೇಕ್ರಿ. ಎಳಕೊಳ್ಳೋ ಜಾಲರಿ ಎಲ್ಲೈತಿ? ಮಸಿ ನೋಡ್ರಿ, ಮೊದ್ಲು ಜಾಲರಿ ಗಾಳಿ ಎಳದಂಗ ದೀಪ ಎಡಕ್ಕ ವಾಲ್ತಿತ್ತು. ಈಗ ವಾಲವಲ್ದು. ಆ ಮೊಳಿ ಮ್ಯಾಲಿದ್ದ ಫೋಟೋ ಈ ಗೋಡಿಗೆ ಬಂದು ಜಾಲರಿ ಮುಚ್ಚೇತಿ."

ದೊಡ್ಡಬಸಪ್ಪ ಗುಡುಗಿದರು: "ಅಪ್ಪನ ಫೋಟೋ ಮುಟ್ಟಿದೋರು ಯಾರು?"

"ನಾನಪ್ಪ," ಎಂದರು ಪಂಪಮ್ಮ. "ಸರ್ವೀಸ್ ಆದಮ್ಯಾಲೆ ಹಾಳಾದ ಗಾಳಿ ಜೋರಾಗಿ ದಿನಾ ದೀಪ ಆರಿಸ್ತಿತ್ತು. ಅದಕ್ಕ ಯಜಮಾನ್ರನ್ನ ಅಡ್ಡ ಇಟ್ಟೆ."

ಇಷ್ಟಕ್ಕೆ ಒಬ್ಬನ ಮರ್ಯಾದೆ ಬೀದಿಪಾಲು! ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಫೋಟೋ ಇಳಿಸಿ, ಮಂಜು ಕರಗಿದ ಮೇಲೆ ಎಸಿ ಹಾಕಿದೆವು. ಮನೆಯೆಲ್ಲ ತಣ್ಣಗಾಯಿತು.

"ಆತು ಬಿಡಪ್ಪ, ಉಂಡು ಹೋಗು," ಎಂದರು ದೊಡ್ಡಬಸಪ್ಪ.

"ಊಟ ಬ್ಯಾಡ್ರಿ ಧಣಿ. ಕಳ್ಳ ಅಂದಿದ್ದು ಬಸ್‌ಸ್ಟ್ಯಾಂಡಿನ್ಯಾಗ. ಅಲ್ಲೇ ಬಂದು ಹೇಳ್ರಿ."

"ಇಂಥ ಬಿಸಿಲಾಗ..." ಎಂದು ದೊಡ್ಡಬಸಪ್ಪ ತಡವರಿಸಿದರು.

ಪಂಪಮ್ಮ ಎದ್ದು ಹೋಗಿ ಮಗನ ಚಪ್ಪಲಿ ತಂದು ಅವನ ಕಾಲ ಬಳಿ ಇಟ್ಟರು. "ಮೆಟ್ಕೊಂಡು ನಡಿಯಲೇ. ನೀ ಹೇಳದಿದ್ರ ನಾನು ಹೇಳ್ತೀನಿ."