ಬಲಗಣ್ಣು ಬಾಕಿ

ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ. ಪುಟ್ಟ ಪ್ಲಾಸ್ಟಿಕ್ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಯುದ್ಧ ಆಡುವುದು ನನಗೂ ಮುಂಬಯಿಯ ಸಯನ್‌ನಲ್ಲಿದ್ದ ಗೆಳೆಯ ಯತೀಶನಿಗೂ ಹುಚ್ಚು. ಅವನು ತನ್ನ ದಂಡಿಗೆ ಎಂ-ಸೀಲ್ ಅಂಟು ನಾದಿ ಮಾಡಿದ ಕಿರೀಟ ಕೂರಿಸಿ, ಬಣ್ಣ ಬಳಿದು, ಯಕ್ಷಗಾನದ ವೇಷ ತೊಡಿಸಿದ್ದ.

“ಕಣ್ಣು ಮಾತ್ರ ಬಾಕಿ ಉಂಟು ಮಾರಾಯ. ಸಂಡೇ ಬಾ. ಎಡಗಣ್ಣು ನಾನು, ಬಲಗಣ್ಣು ನೀನು.”

“ಬರುವ ವಾರ ನೋಡುವ,” ಎಂದು ಪ್ರತಿ ಸಲ ಮುಂದೂಡಿದೆ. ಅಷ್ಟರಲ್ಲಿ ಅವನು ಜ್ವರದಲ್ಲಿ ತೀರಿಕೊಂಡ.

ಅವನ ಹೆಂಡತಿ ಲಾವಣ್ಯಾ ಕೊಟ್ಟ ಸೈನಿಕರ ಪೆಟ್ಟಿಗೆಯನ್ನು ಕಾಂದಿವಲಿಯ ನನ್ನ ಮನೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಭಾನುವಾರ ಮಧ್ಯಾಹ್ನ ತೆರೆದರೆ ಒಬ್ಬನ ಮುಖದಲ್ಲಿ ಬಣ್ಣ ಹಸಿಯಾಗಿತ್ತು. ಪೆಟ್ಟಿಗೆಯಲ್ಲೇ ಇದ್ದ, ಯತೀಶ ತುಟಿಯಲ್ಲಿ ಚೂಪು ಮಾಡುತ್ತಿದ್ದ ಕುಂಚದ ತುದಿ ಬೆಚ್ಚಗಿತ್ತು.

ಮುಂದಿನ ಭಾನುವಾರ ಇನ್ನೊಬ್ಬ. ಇವತ್ತಿಗೆ ಹನ್ನೊಂದು ಜನ.

ಎಲ್ಲರಿಗೂ ಬಂದಿರುವುದು ಎಡಗಣ್ಣು ಮಾತ್ರ.